ಕೋಟಿನ ಒಳಮಗ್ಗುಲು

ವಕೀಲರ ಕರಿಕೋಟಿನ ಹಿಂದುಗಡೆ ಲೈನಿಂಗು ಬಿಚ್ಚಿಕೊಂಡು ಇಳಿಬಿದ್ದಿತ್ತು. ಮೆಟ್ಟಿಲ ಹತ್ತಿರ ಯಾರೊಂದಿಗೋ ಮಾತಾಡುತ್ತ ನಿಂತಿದ್ದ ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಾಗಲೆಲ್ಲ ಅದು ಅಂಚಿನ ಕೆಳಗೆ ಒಮ್ಮೆ ಇಣುಕಿ ಮತ್ತೆ ಒಳಗೆ ಸರಿಯುತ್ತಿತ್ತು. ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ಅಮ್ಮನ ಪಕ್ಕ ಕೂತಿದ್ದ ಅವಳಿಗೆ ಅದರ ಮೇಲಿಂದ ಕಣ್ಣು ಕೀಳಲಾಗುತ್ತಿರಲಿಲ್ಲ. ಕೈಹೊಲಿಗೆ. ಯಾರೋ ಅವಸರದಲ್ಲಿ ಹೊಲಿದದ್ದು, ಕೊನೆಯಲ್ಲಿ ಗಂಟು ಸರಿಯಾಗಿ ಹಾಕಿಲ್ಲ. ಒಂದು ಸೂಜಿ ಸಿಕ್ಕಿದ್ದರೆ ಅವರು ಮಾತು ಮುಗಿಸುವುದರೊಳಗೆ ಅವರಿಗೇ ಗೊತ್ತಾಗದ ಹಾಗೆ ಹೊಲಿದುಬಿಡಬಹುದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ತನ್ನನ್ನು ಒಳಗೆ ಕರೆಯುತ್ತಾರೆ, ಅಂಗಡಿಯಲ್ಲಿ ಕದ್ದೆಯೋ ಇಲ್ಲವೋ ಎಂದು ಕೇಳುತ್ತಾರೆ, ತಾನು ನೋಡಿದರೆ ಇಲ್ಲಿ ಕೂತು ಮಂದಿಯ ಕೋಟಿನ ಒಳಗೆ ಇಣುಕುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ರೇಗಿತು. ಇದೇ ಬುದ್ಧಿಯಲ್ಲವೆ ಇಲ್ಲಿಗೆ ತಂದು ಕೂರಿಸಿದ್ದು. ರೇಗಿದರೂ ಕಣ್ಣು ಮಾತ್ರ ಅಲ್ಲಿಯೇ ಇತ್ತು. ಪಕ್ಕದಲ್ಲಿ ಅಮ್ಮ ಕರವಸ್ತ್ರದ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಸುತ್ತಿ, ಹೆಮ್ಮಿಂಗ್ ಮಾಡುವವರ ಹಾಗೆ ಸುಮ್ಮನೆ ಮಡಚುತ್ತ ಬಿಚ್ಚುತ್ತ ಕೂತಿದ್ದಳು. ಅಮ್ಮನೂ ಆ ಲೈನಿಂಗನ್ನು ನೋಡಿದ್ದಾಳೆ ಎಂದು ಅವಳಿಗೆ ಖಾತ್ರಿಯಿತ್ತು.

ವಕೀಲರು ಬಂದು ಎದುರಿಗೆ ಬಗ್ಗಿ, ಎಲ್ಲ ನೆನಪಿದೆ ತಾನೆ ಎಂದು ಕೇಳಿದರು. ಹೇಳಬೇಕಾದದ್ದು ಒಂದೇ ಒಂದು ಮಾತು, ಮರೆತೆ. ಅದರ ಹಿಂದೆ ಮುಂದೆ ಏನೂ ಸೇರಿಸಬಾರದು. ಹದಿನೆಂಟು ತುಂಬಿದ ಮೇಲೆ ಮಾಡಿಕೊಂಡಿರಿ, ಕೆಲವು ತಿಂಗಳು ಮೊದಲೇ ಮಾಡಿಕೊಂಡಿದ್ದರೆ ಮಕ್ಕಳ ಲೆಕ್ಕದಲ್ಲಿ ಹೋಗುತ್ತಿತ್ತು ಎಂದು ಅವರು ಮೊದಲ ದಿನ ತಮಾಷೆ ಮಾಡಿದ್ದರು. ಆ ತಮಾಷೆಗೆ ಅಮ್ಮ ನಕ್ಕಿರಲಿಲ್ಲ. ಆದರೆ ಅದೇ ದಿನ ಅಮ್ಮ ತನ್ನ ಹೊಲಿಗೆಯ ವಿಷಯ, ಮಗಳನ್ನು ನಿಲ್ಲಿಸಿ ಬಟ್ಟೆ ನೋಡುವ ವಿಷಯ ಹೇಳಿದಾಗ ಅವರ ಮುಖ ಅರಳಿದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಇದಕ್ಕಿಂತ ಬೇಕಾ ಅಮ್ಮಾ, ಕೇಸು ಇಲ್ಲೇ ಮುಗೀತು ಅಂತ ತಿಳ್ಕೊಳ್ಳಿ ಎಂದು ಮೇಜು ಕುಟ್ಟಿದ್ದರು. ತನ್ನ ಬಾಲ್ಯವೆಲ್ಲ ಯಾರಿಗೋ ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ.

ಅಮ್ಮನ ಮಿಷನ್ನಿನ ಪಕ್ಕ ಒಂದು ಸ್ಟೂಲು. ಅವಳು ನಡೆಯಲು ಕಲಿತ ಮೇಲೆ ಹೆಚ್ಚು ಹೊತ್ತು ನಿಂತದ್ದು ಅದರ ಮೇಲೆಯೇ ಇರಬೇಕು. ಅರ್ಧ ಹೊಲಿದ ಬಟ್ಟೆಯನ್ನು ಅಮ್ಮ ಅವಳ ತಲೆಯ ಮೇಲಿಂದ ಇಳಿಬಿಡುತ್ತಿದ್ದಳು, ಯಾವಾಗಲೂ ಒಳಮಗ್ಗುಲು ಹೊರಗೆ. ಹಾಗೆ ಹಾಕಿದರೇ ಹೊಲಿಗೆ ಕಾಣುವುದು, ಪಿನ್ನು ಚುಚ್ಚಲಿಕ್ಕಾಗುವುದು. ಪಕ್ಕದ ಬೀದಿಯ ಹುಡುಗಿಯ ಶಾಲೆಯ ಕೋಟು, ಡಾಕ್ಟರರ ಹೆಂಡತಿಯ ಗೌನು, ಯಾರದೋ ಮದುವೆಗೆ ಯಾರೋ ಹಾಕಿಕೊಳ್ಳುವ ಉದ್ದನೆಯ ಬಿಳಿ ಉಡುಪು. ಸಣ್ಣವಳಿದ್ದಾಗ ಸಣ್ಣವರದು, ಬೆಳೆದ ಹಾಗೆ ದೊಡ್ಡವರದು. ಬಟ್ಟೆ ಕೊಡಲು ಬಂದವರು ಅವಳನ್ನು ಗೊಂಬೆ ಎಂದೇ ಕರೆಯುತ್ತಿದ್ದರು. ಅಮ್ಮನ ಬಾಯಿ ತುಂಬ ಪಿನ್ನು, ಮಾತಿಲ್ಲ. ತುಟಿ ಹೆಚ್ಚು ಅಲುಗದೆ ಹೇಳಬಹುದಾದ ಮಾತಷ್ಟೇ ಬರುತ್ತಿತ್ತು, ಕೈ ಎತ್ತು, ಉಸಿರು ಬಿಡು, ತಿರುಗು. ಅವಳು ತಿರುಗುತ್ತಿದ್ದಳು. ಮೈಮೇಲೆ ಇರುವುದು ಯಾರ ಬಟ್ಟೆ ಎಂಬುದು ಮೊದಮೊದಲು ಗೊತ್ತಾಗುತ್ತಿತ್ತು, ಆಮೇಲೆ ಮರೆತುಹೋಗುತ್ತಿತ್ತು. ಒಮ್ಮೆ ದಾರ ತರಲೆಂದು ಹೊರಟವಳು ಯಾರದೋ ಫ್ರಾಕನ್ನು ಉಲ್ಟಾ ಹಾಕಿಕೊಂಡೇ, ಪಿನ್ನಿನ ಸಮೇತ, ಬೀದಿಯ ಕೊನೆಯ ಅಂಗಡಿಯವರೆಗೂ ಹೋಗಿ ಬಂದಿದ್ದಳು. ಅಂಗಡಿಯವನು ಬಿದ್ದು ಬಿದ್ದು ನಕ್ಕಿದ್ದನಂತೆ. ಆ ಕಥೆಯನ್ನು ಅಮ್ಮ ಎಷ್ಟೋ ವರ್ಷ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು, ಈಗ ಅದನ್ನೇ ವಕೀಲರಿಗೆ ನಗದೆ ಹೇಳಿದ್ದಳು, ಅವರು ತಲೆಯಾಡಿಸುತ್ತ ಬರೆದುಕೊಂಡಿದ್ದರು.

ಮರೆತಿದ್ದು ಸುಳ್ಳಲ್ಲ. ಇದೇ ಅವಳನ್ನು ಕಾಡುತ್ತಿದ್ದದ್ದು. ಪೂರ್ತಿ ಸುಳ್ಳಾಗಿದ್ದರೆ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆ ದೊಡ್ಡ ಅಂಗಡಿಗೆ ಅವಳು ಏನನ್ನೂ ಕೊಳ್ಳಲು ಹೋಗಿರಲಿಲ್ಲ, ನೋಡಲು ಹೋಗಿದ್ದಳು. ಬೂದುಬಣ್ಣದ ಆ ಕೋಟಿನ ಅಂಚನ್ನು ಸುಮ್ಮನೆ ಮೇಲೆತ್ತಿ ನೋಡಿದಾಗ ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಕೋಟನ್ನೂ ಲೈನಿಂಗನ್ನೂ ದಿಂಬಿನ ಚೀಲದ ಹಾಗೆ ಮುಖಕ್ಕೆ ಮುಖ ಕೊಟ್ಟು ಹೊಲಿದು, ಎಲ್ಲಾದರೂ ಒಂದು ಕಡೆ ಬಾಯಿ ಬಿಟ್ಟು, ಅದರ ಮೂಲಕ ಎಳೆದು ಮಗುಚಬೇಕು. ಆ ಬಾಯನ್ನು ಆಮೇಲೆ ಮುಚ್ಚಬೇಕಲ್ಲ? ಅಮ್ಮನಂತೂ ಕೆಳಗಿನ ಅಂಚನ್ನು ಪೂರ್ತಿ ಬಿಟ್ಟು, ಮಗುಚಿದ ಮೇಲೆ ದೀಪದ ಕೆಳಗೆ ಕೂತು ಇಂಚಿಂಚೂ ಕೈಯಲ್ಲಿ ಹೊಲಿಯುತ್ತಿದ್ದಳು. ಕೋಟು ಬಂದ ವಾರವೆಲ್ಲ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಈ ಕೋಟಿನಲ್ಲಿ ಕೆಳಗೆ ಮಿಷನ್ ಹೊಲಿಗೆ, ಕತ್ತಿನ ಸುತ್ತ ಮಿಷನ್ ಹೊಲಿಗೆ, ಮುಂದುಗಡೆಯೂ ಹಾಗೆಯೇ. ಬಾಯೇ ಇಲ್ಲ. ಹಾಗಾದರೆ ಎಲ್ಲಿಂದ ಮಗುಚಿದರು? ಅವಳು ಅದನ್ನು ಟ್ರಯಲ್ ರೂಮಿಗೆ ಒಯ್ದು ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡಳು. ಅವರ ಮನೆಯಲ್ಲಿ ಬಟ್ಟೆ ನೋಡುವುದೆಂದರೆ ಹಾಗೆಯೇ. ಆ ಕತ್ತಲಲ್ಲಿ ಏನೂ ಸರಿಯಾಗಿ ಕಾಣದೆ, ಬೆಳಕು ಹುಡುಕಿಕೊಂಡು ಹೊರಗೆ ಬಂದು, ಪಕ್ಕೆಯನ್ನು ತಡವುತ್ತ, ಕಂಕುಳಲ್ಲಿ ಬೆರಳಾಡಿಸುತ್ತ ಕಪಾಟುಗಳ ನಡುವೆ ತಿರುಗಿದಳು. ಎಷ್ಟು ಹೊತ್ತು ತಿರುಗಿದಳೋ. ಆಮೇಲೆ ಯಾವಾಗಲೋ ಕೋಟು ಮರೆತುಹೋಯಿತು, ಪ್ರಶ್ನೆ ಮಾತ್ರ ಉಳಿಯಿತು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಆದರೆ ಬಾಗಿಲ ಹತ್ತಿರ ಕಂಬಕ್ಕೆ ಒಂದು ಕನ್ನಡಿ ಹೊಡೆದಿದ್ದರು. ಅದರಲ್ಲಿ ಅವಳು ತನ್ನನ್ನು ನೋಡಿಕೊಂಡಳು. ಉಲ್ಟಾ ಕೋಟು, ಹೊರಗೆ ಹೊಳೆಯುವ ಲೈನಿಂಗು, ಭುಜ ಅಳತೆ ತೆಗೆದ ಹಾಗೆ ಕೂತಿದೆ, ಎಲ್ಲಿಯೂ ಪಿನ್ನಿಲ್ಲ. ಅಯ್ಯೋ ಇದು ಅಂಗಡಿಯದು, ತೆಗೆದಿಡಬೇಕು ಎಂಬುದು ಸ್ಪಷ್ಟವಾಗಿ, ಯಾರೋ ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಹೊಳೆಯಿತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು: ಈಗ ಹೀಗೇ ನಡೆದುಬಿಟ್ಟರೆ ಏನಾಗುತ್ತದೆ? ಅದು ಆಸೆಯಾಗಿರಲಿಲ್ಲ, ಧೈರ್ಯವೂ ಆಗಿರಲಿಲ್ಲ. ಎಲ್ಲಿಂದ ಮಗುಚಿದರು ಎಂದು ಕೇಳಿದ ದನಿಯೇ ಇದನ್ನೂ ಕೇಳಿತ್ತು. ಅವಳು ನಡೆದಳು. ಬಾಗಿಲ ಎರಡೂ ಕಡೆಯ ಅಲಾರಮ್ಮಿನ ಕಂಬಗಳು ಕಿರುಚಿಕೊಂಡವು. ಈ ನಡುವಿನ ಒಂದು ಗಳಿಗೆಯನ್ನು ಅವಳು ಪೊಲೀಸರಿಗೆ ಹೇಳಿರಲಿಲ್ಲ, ವಕೀಲರಿಗೆ ಹೇಳಿರಲಿಲ್ಲ, ಅಮ್ಮನಿಗಂತೂ ಹೇಳುವ ಮಾತೇ ಇರಲಿಲ್ಲ. ಒಬ್ಬಳೇ ಇದ್ದಾಗಲೆಲ್ಲ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಕನ್ನಡಿಯವರೆಗೆ ಮರೆವಿನವಳು, ಕಂಬದ ಆಚೆ ಕಳ್ಳಿ, ಸರಿ. ಎಲ್ಲಿ ಬದಲಾದೆ? ಕಾಲು ಎತ್ತಿದಾಗಲೋ, ಊರಿದಾಗಲೋ? ಅಷ್ಟು ಸಲೀಸಾಗಿ ಬದಲಾಗಲು ಬರುತ್ತದೆಯೆ? ಇಷ್ಟು ನಾಚಿಕೆಗೇಡಿನ ಸಂಗತಿ ಇಷ್ಟು ಕುತೂಹಲ ಹುಟ್ಟಿಸುತ್ತದಲ್ಲ ಎಂಬುದೇ ಅವಳಿಗೆ ಇನ್ನೊಂದು ನಾಚಿಕೆಯಾಗಿತ್ತು.

ಕಾವಲಿನವನು ರಟ್ಟೆ ಹಿಡಿದು ಹಿಂದಿನ ಕೋಣೆಗೆ ನಡೆಸಿಕೊಂಡು ಹೋದ. ಅಂಗಡಿಗೆ ಅಂಗಡಿಯೇ ನೋಡುತ್ತಿತ್ತು. ಒಬ್ಬ ಹೆಂಗಸು ತನ್ನ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು, ಅದು ಅವಳಿಗೆ ರಟ್ಟೆಯ ನೋವಿಗಿಂತ ಹೆಚ್ಚು ತಟ್ಟಿತು. ಕೋಣೆಯಲ್ಲಿ ಮ್ಯಾನೇಜರ್ ಕೋಟಿನ ಕೊರಳಪಟ್ಟಿ ಹಿಡಿದು, ಟ್ಯಾಗು ಮುಚ್ಚೋಕೆ ಉಲ್ಟಾ ಹಾಕ್ಕೊಂಡಿದ್ದಾಳೆ, ಎಂಥಾ ಚಾಲಾಕಿ ನೋಡು ಎನ್ನುತ್ತ ಬಾಳೆಹಣ್ಣು ಸುಲಿದ ಹಾಗೆ ಅದನ್ನು ಸುಲಿದ. ಎಡಗೈಯ ತೋಳು ಮೊಣಕೈಗೆ ಸಿಕ್ಕಿಕೊಂಡಿತು. ಅವನು ಜಗ್ಗಿದ. ತೋಳಿನ ಲೈನಿಂಗು ಬಿಗಿಯಾಗಿ ಹರಡಿಕೊಂಡು, ಅವಳ ಕಣ್ಣಿಗೆ ನೇರ ಎದುರಾಗಿ, ಒಂದು ಗೇಣು ಉದ್ದದ ಹೊಲಿಗೆ ಕಾಣಿಸಿತು. ಉಳಿದ ಹೊಲಿಗೆಗಳೆಲ್ಲ ಒಳಗಿನವು, ಇದೊಂದು ಮಾತ್ರ ಬಟ್ಟೆಯನ್ನು ಚಿವುಟಿ ಮೇಲಿಂದ ಹೊಡೆದದ್ದು. ಇಲ್ಲಿಂದ! ಇಡೀ ಕೋಟನ್ನು, ಭುಜವನ್ನೂ ಕಾಲರನ್ನೂ ಎಲ್ಲವನ್ನೂ, ಈ ಸಂದಿಯಿಂದ ಎಳೆದಿದ್ದಾರೆ! ಅವಳಿಗೆ ನಗು ಬಂತು. ತಡೆಯಲಿಕ್ಕಾಗಲಿಲ್ಲ, ಬಾಯಿಬಿಟ್ಟೇ ನಕ್ಕಳು. ಮ್ಯಾನೇಜರ್ ದಂಗಾಗಿ ಜಗ್ಗುವುದನ್ನು ನಿಲ್ಲಿಸಿದ. ಸಿಕ್ಕಿಬಿದ್ದ ಮೇಲೂ ನಗುತ್ತಿದ್ದಳು ಎಂದು ಅವನು ಆಮೇಲೆ ಪೊಲೀಸರೆದುರು ಹೇಳಿದ್ದು ನಿಜವೇ.

ಮನೆಯಲ್ಲಿ ಅಮ್ಮ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಮಗಳಿಗೆ ಮೈಮೇಲೆ ಪ್ರಜ್ಞೆ ಇಲ್ಲ, ಮರೆತು ಹೊರಟುಬಿಟ್ಟಿದ್ದಾಳೆ ಎಂದು ಬಟ್ಟೆ ಕೊಡಲು ಬಂದವರಿಗೆಲ್ಲ, ಅವರು ಕೇಳುವ ಮೊದಲೇ, ಹೆಚ್ಚುಕಡಿಮೆ ಹೆಮ್ಮೆಯಿಂದ ಹೇಳುತ್ತಿದ್ದಳು. ಸಕ್ಕರೆ ಡಬ್ಬಿಗೆ ಕೈ ಹಾಕಿದರೆ, ಬೆಳಿಗ್ಗೆ ಎದ್ದಿದ್ದರೂ ಹೊದ್ದು ಮಲಗಿದ್ದರೆ ಮೊದಲೆಲ್ಲ ಕಳ್ಳೀ ಎಂದು ಬೆನ್ನಿಗೊಂದು ಹಾಕುತ್ತಿದ್ದ ಅಮ್ಮ ಆ ಮಾತನ್ನು ನಾಲಗೆಯಿಂದ ಕಿತ್ತೇಹಾಕಿದ್ದಳು. ಒಂದು ದಿನ ಅವಳು ಹೊರಗಿನಿಂದ ಬಂದಾಗ ಅಮ್ಮ ಕುರ್ಚಿಯ ಬೆನ್ನಿಗೆ ದಿಂಬು ಕಟ್ಟಿ, ಅದಕ್ಕೆ ಯಾರದೋ ಜಾಕೀಟು ತೊಡಿಸಿ, ನೆಲದ ಮೇಲೆ ಮಂಡಿಯೂರಿ ಪಿನ್ನು ಚುಚ್ಚುತ್ತಿದ್ದಳು. ದಿಂಬಿಗೆ ಭುಜವಿಲ್ಲ, ಜಾಕೀಟು ಜಾರುತ್ತಿತ್ತು. ಸ್ಟೂಲಿನ ಮೇಲೆ ಬಟ್ಟೆಗಳ ರಾಶಿ ಏರಿತ್ತು. ನಾನು ನಿಲ್ಲಲಾ ಅಮ್ಮ ಎಂದು ಕೇಳಿದರೆ, ಬೇಡ ಬಿಡು, ಕಾಲು ನೋಯತ್ತೆ ನಿಂಗೆ ಎಂದಳು. ಕಾಲು ನೋಯುತ್ತದೆಯೇ ಎಂದು ಈ ಜನ್ಮದಲ್ಲಿ ಅಮ್ಮ ಕೇಳಿದ್ದೇ ಇಲ್ಲ. ಅಂದು ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಮ್ಮನ ಬಾಯಿ ನಂಬಿದೆ, ಕೈ ನಂಬುತ್ತಿಲ್ಲ. ಇದು ಅಮ್ಮನಿಗೇ ಗೊತ್ತಿದೆಯೋ ಇಲ್ಲವೋ. ಕೋರ್ಟಿನಲ್ಲಿ ಮರೆತೆ ಎಂದರೆ ಕೇಸು ಬಿದ್ದುಹೋಗುತ್ತದೆ, ದಿಂಬು ಮಾತ್ರ ಕುರ್ಚಿಯಲ್ಲಿ ಹಾಗೇ ಉಳಿಯುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಅಮ್ಮನ ಬಾಯಿಯ ನಂಬಿಕೆಯೂ ಹೋಯಿತು. ಎತ್ತ ಹೋದರೂ ಸ್ಟೂಲು ತನ್ನದಲ್ಲ ಎಂದುಕೊಂಡಳು.

ಜವಾನ ಕೂಗಿದ. ವಕೀಲರು ಮುಂದೆ ನಡೆದರು, ಲೈನಿಂಗು ಇಣುಕಿತು, ಅದರ ಹಿಂದೆ ಹಿಂದೆಯೇ ಅವಳು ಒಳಗೆ ಹೋದಳು. ಕೋಣೆ ಅವಳಂದುಕೊಂಡದ್ದಕ್ಕಿಂತ ಸಣ್ಣದು, ಶಾಲೆಯ ಕೋಣೆಯ ಹಾಗಿತ್ತು. ನ್ಯಾಯಾಧೀಶೆಗೆ ನೆಗಡಿಯಾಗಿತ್ತು, ಫ್ಲಾಸ್ಕಿನಿಂದ ಮುಚ್ಚಳಕ್ಕೆ ಬಿಸಿನೀರು ಬಗ್ಗಿಸಿ ಗುಟುಕರಿಸುತ್ತಿದ್ದರು. ಕೋಟನ್ನು ಒಂದು ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಎಷ್ಟೋ ದಿನ ಮಡಿಸಿಟ್ಟು ಸುಕ್ಕಾಗಿತ್ತು. ಯಾರೋ ಅದನ್ನು ಸರಿಮಗ್ಗುಲಿಗೆ ತಿರುಗಿಸಿಟ್ಟಿದ್ದರು. ಈಗ ನೋಡಿದರೆ ಅದೊಂದು ಸಾಧಾರಣ ಕೋಟು, ಇದಕ್ಕಾಗಿ ಇಷ್ಟೆಲ್ಲವೇ ಎನಿಸುವಂಥದ್ದು. ಸರ್ಕಾರದ ಕಡೆಯ ವಕೀಲರು ಎದ್ದು, ಆಕೆ ಅದನ್ನು ತಿರುಗಿಸಿ ಹಾಕಿಕೊಂಡದ್ದು ಟ್ಯಾಗು ಕಾಣದಿರಲಿ ಎಂದೇ, ಸಿಕ್ಕಿಬಿದ್ದ ಮೇಲೂ ನಾಚಿಕೆಯಿಲ್ಲದೆ ನಕ್ಕಳು ಎಂದರು. ಮ್ಯಾನೇಜರ್ ಹಿಂದಿನಿಂದ ತಲೆಯಾಡಿಸಿದ. ಅವಳ ವಕೀಲರು ಎದ್ದು ಸ್ಟೂಲಿನ ಕಥೆ ಹೇಳಿದರು. ಚೆನ್ನಾಗಿಯೇ ಹೇಳಿದರು, ದಾರದಂಗಡಿಯ ಪ್ರಸಂಗ ಬಂದಾಗ ಗುಮಾಸ್ತ ಮುಸಿಮುಸಿ ನಕ್ಕ. ಆ ಹುಡುಗಿಯ ಬಗ್ಗೆ ಕೇಳುತ್ತ ಕೇಳುತ್ತ ಅವಳಿಗೇ ಕನಿಕರ ಹುಟ್ಟಿತು. ಪಾಪ, ಮೈಮೇಲೆ ಏನಿದೆ ಎಂದೂ ಗೊತ್ತಿಲ್ಲದವಳು. ಅಂಥವಳಿಗೆ ಎಡಗೈಯ ಆ ಹೊಲಿಗೆ ಎಲ್ಲಿ ಕಾಣಬೇಕು? ಮರೆತವಳು ನೋಡಿರಲಾರಳು. ಇವರು ಹೇಳುತ್ತಿರುವ ಗೊಂಬೆಗೆ ಕಣ್ಣೇ ಇಲ್ಲ.

"ನೀನೇ ಹೇಳಮ್ಮ," ಎಂದರು ನ್ಯಾಯಾಧೀಶೆ ಮೂಗು ಒರೆಸಿಕೊಳ್ಳುತ್ತ. "ಏನಾಯ್ತು?"

"ಮರೆತಿದ್ದೆ ಮೇಡಮ್," ಎಂದಳು. ವಕೀಲರ ಭುಜ ಸಡಿಲಾದದ್ದು ಅವಳಿಗೆ ಕಾಣಿಸಿತು. ಇಲ್ಲಿಗೆ ನಿಲ್ಲಿಸಬೇಕಿತ್ತು. ಹಿಂದಿನ ಬೆಂಚಿನಲ್ಲಿ ಅಮ್ಮ ಉಸಿರು ಬಿಗಿಹಿಡಿದು ಕೂತಿದ್ದಾಳೆ ಎಂಬುದು ತಿರುಗಿ ನೋಡದೆಯೇ ಬೆನ್ನಿಗೆ ಗೊತ್ತಾಗುತ್ತಿತ್ತು. ಪಿನ್ನು ಚುಚ್ಚುವ ಮೊದಲು ಅಮ್ಮ ಹಾಗೆಯೇ ಉಸಿರು ಹಿಡಿಯುತ್ತಿದ್ದಳು. "ಬಾಗಿಲ ಹತ್ತಿರ ಒಂದು ಕನ್ನಡಿ ಇತ್ತು. ಅಲ್ಲಿ ನೆನಪಾಯ್ತು."

ನ್ಯಾಯಾಧೀಶೆ ಮುಚ್ಚಳವನ್ನು ಕೆಳಗಿಟ್ಟರು. "ನೆನಪಾದ ಮೇಲೆ?"

"ಹೊರಗೆ ನಡೆದೆ."

"ಯಾಕೆ?"

"ಏನಾಗತ್ತೆ ಅಂತ ನೋಡ್ಬೇಕು ಅನ್ನಿಸ್ತು ಮೇಡಮ್."

ಯಾರೋ ನಕ್ಕರು. ವಕೀಲರು ಕಣ್ಣು ಮುಚ್ಚಿ ಹಣೆ ಉಜ್ಜಿಕೊಂಡರು. ನ್ಯಾಯಾಧೀಶೆ ಮಾತ್ರ ನಗಲಿಲ್ಲ, ಅವಳನ್ನೇ ಸ್ವಲ್ಪ ಹೊತ್ತು ನೋಡಿದರು. ಆ ನೋಟದಲ್ಲಿ ಸಿಟ್ಟಿಗಿಂತ ಬೇರೆ ಏನೋ ಇದ್ದ ಹಾಗಿತ್ತು, ಅಥವಾ ಬರೀ ನೆಗಡಿಯೋ.

"ಅದನ್ನೇ ಕಳ್ಳತನ ಅನ್ನೋದು. ಗೊತ್ತಾ?"

"ಗೊತ್ತು ಮೇಡಮ್."

ಮುಂದಿನದೆಲ್ಲ ಬೇಗ ಬೇಗ ಮುಗಿಯಿತು. ಮೊದಲ ತಪ್ಪು, ಚಿಕ್ಕ ವಯಸ್ಸು, ಮಾಲು ವಾಪಸ್ಸಾಗಿದೆ. ತಪ್ಪು ಸಾಬೀತಾಗಿದೆ, ಆದರೂ ಶಿಕ್ಷೆ ಬೇಡ. ಒಂದು ವರ್ಷ ನೆಟ್ಟಗಿರಬೇಕು, ಆಗಾಗ ಒಬ್ಬ ಅಧಿಕಾರಿಯ ಮುಂದೆ ಬಂದು ಮುಖ ತೋರಿಸಬೇಕು, ಇನ್ನೊಮ್ಮೆ ಈ ಕೋಣೆಯಲ್ಲಿ ಕಂಡರೆ ಇಷ್ಟು ಸಮಾಧಾನದಲ್ಲಿ ಮಾತಾಡುವುದಿಲ್ಲ ಎಂದರು ನ್ಯಾಯಾಧೀಶೆ. ಹೊರಗೆ ಬಂದ ಮೇಲೆ ವಕೀಲರು, ಒಂದೇ ಒಂದು ಮಾತು ಹೇಳಿಕೊಟ್ಟಿದ್ದೆ ನಿಮಗೆ, ಪೂರ್ತಿ ಕ್ಲೀನಾಗಿ ಹೋಗುತ್ತಿತ್ತು, ಇನ್ನು ಎಲ್ಲಿ ಕೆಲಸ ಕೇಳಿದರೂ ಇದು ಹಿಂದೆ ಬರುತ್ತದೆ ಎಂದು ಗೊಣಗಿ ಸರಸರ ನಡೆದುಬಿಟ್ಟರು. ನಿಮ್ಮ ಲೈನಿಂಗು ಬಿಚ್ಚಿದೆ ಎಂದು ಹೇಳಲು ಅವಳು ಬಾಯಿ ತೆರೆದಿದ್ದಳು, ಹೇಳಲಾಗಲಿಲ್ಲ.

ದಾರಿಯುದ್ದಕ್ಕೂ ಅಮ್ಮ ಮುಂದೆ, ಅವಳು ಹಿಂದೆ. ಅಮ್ಮನ ಬೆನ್ನನ್ನು ಇಷ್ಟು ಹೊತ್ತು ಅವಳು ಎಂದೂ ನೋಡಿರಲಿಲ್ಲ. ಸ್ಟೂಲಿನ ಮೇಲಿಂದ ಕಾಣುತ್ತಿದ್ದದ್ದು ಯಾವಾಗಲೂ ನೆತ್ತಿ. ಬೆನ್ನು ಒಂದು ಕಡೆ ವಾಲಿತ್ತು, ಮಿಷನ್ ತುಳಿಯುವ ಕಾಲಿನ ಕಡೆ. ಇದಕ್ಕೆ ಬಟ್ಟೆ ಹೊಲಿಯುವುದಾದರೆ ಬಲಭುಜವನ್ನು ಸ್ವಲ್ಪ ಇಳಿಸಬೇಕು ಎಂದುಕೊಂಡಳು. ರಸ್ತೆ ದಾಟಲು ನಿಂತಾಗ ಅಮ್ಮ ತಿರುಗಲಿಲ್ಲ, ಎದುರಿನ ಬಸ್ಸಿಗೆ ಹೇಳುವವಳ ಹಾಗೆ ಹೇಳಿದಳು.

"ಬಂದವರಿಗೆಲ್ಲ ಹೇಳ್ಕೊಂಡು ಕೂತಿದ್ದೆ ನಾನು. ಮರೆತಿದ್ದಾಳೆ, ಮರೆತಿದ್ದಾಳೆ ಅಂತ. ಇನ್ನು ಅವರಿಗೆಲ್ಲ ಯಾವ ಮುಖ ತೋರಿಸ್ಲಿ?"

ಅವಳಿಗೆ ಕ್ಷಮಿಸು ಎನ್ನಬೇಕೆನಿಸಿತು. ಬಸ್ಸು ಹೋಯಿತು, ಇಬ್ಬರೂ ದಾಟಿದರು.

ಮನೆಗೆ ಬಂದು ಅಮ್ಮ ಚಹಾ ಮಾಡಿದಳು. ಪಾತ್ರೆ ಕುಕ್ಕಿದ ಸದ್ದು ಎಂದಿಗಿಂತ ಜೋರಾಗಿತ್ತು. ಎರಡು ಲೋಟಕ್ಕೆ ಬಗ್ಗಿಸಿದಳು, ತನ್ನದನ್ನು ಕುಡಿಯಲಿಲ್ಲ, ಅದು ಮಿಷನ್ನಿನ ಮೇಲೆ ಕೆನೆಗಟ್ಟುತ್ತ ಕೂತಿತು. ಕುರ್ಚಿಯ ಮೇಲೆ ದಿಂಬು ಯಾರದೋ ಅರ್ಧ ಕೋಟು ತೊಟ್ಟು ಒಂದು ಪಕ್ಕಕ್ಕೆ ಜಾರಿಕೊಂಡಿತ್ತು. ಅಮ್ಮ ಅದನ್ನು ನೆಟ್ಟಗೆ ಮಾಡಿದಳು. ಅದು ಮತ್ತೆ ಜಾರಿತು. ಮತ್ತೊಮ್ಮೆ ನೆಟ್ಟಗೆ ಮಾಡಿ, ಅದನ್ನೇ ದಿಟ್ಟಿಸುತ್ತ ನಿಂತವಳು ಕೊನೆಗೆ, ಹಾಳಾದ್ದು ಎಂದು ಕೋಟನ್ನು ಕಿತ್ತುಕೊಂಡು, ಸ್ಟೂಲಿನ ಮೇಲಿನ ಬಟ್ಟೆಯ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ಮಂಚದ ಮೇಲೆ ಹಾಕಿದಳು.

"ಬಾ," ಎಂದಳು.

ಅವಳು ಹತ್ತಿ ನಿಂತಳು. ಕೋಟು ತಲೆಯ ಮೇಲಿಂದ ಬಂದು, ಒಳಮಗ್ಗುಲು ಹೊರಗಾಗಿ, ಮೈಮೇಲೆ ಇಳಿಯಿತು. ಯಾರದು ಎಂದು ಈ ಸಲ ಅವಳು ಮರೆಯಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸಿನದು. ಅಮ್ಮ ತುಟಿಯ ನಡುವೆ ಪಿನ್ನು ಸಾಲಾಗಿ ಇಟ್ಟುಕೊಂಡಳು. ಕೈ ಎತ್ತು. ಎತ್ತಿದಳು. ಅಮ್ಮನ ಬೆರಳು ಕಂಕುಳ ಹತ್ತಿರ ಬಟ್ಟೆಯನ್ನು ಚಿವುಟಿ, ಅಲ್ಲಿಯೇ ನಿಂತುಬಿಟ್ಟಿತು. ಆಮೇಲೆ ಅಮ್ಮ ಒಂದೊಂದಾಗಿ ಪಿನ್ನುಗಳನ್ನೆಲ್ಲ ಬಾಯಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು. ಕೆಲಸದ ನಡುವೆ ಅಮ್ಮ ಹಾಗೆ ಮಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ನಕ್ಕೆ ಅಂದ್ರಲ್ಲ. ಯಾಕೆ ನಕ್ಕೆ?"

"ಸಿಕ್ತು ಅಮ್ಮ."

"ಏನು ಸಿಕ್ತು?"

"ಕೋಟನ್ನ ಎಲ್ಲಿಂದ ಮಗುಚ್ತಾರೆ ಅಂತ. ಕೆಳಗಡೆ ಅಲ್ಲ. ಅಲ್ಲೆಲ್ಲ ಮಿಷನ್ನೇ. ಕೈಹೊಲಿಗೆ ಒಂದೂ ಇಲ್ಲ."

ಅಮ್ಮನ ಕಣ್ಣು, ಎಷ್ಟೋ ಕೋಟುಗಳ ಅಂಚಿನಲ್ಲಿ ಕೆಂಪಾದ ಕಣ್ಣು, ಮಗಳ ಮುಖವನ್ನು ಬಿಟ್ಟು ಕೋಟಿನ ಕಡೆ ಇಳಿಯಿತು.

"ಎಲ್ಲಿಂದ?"

"ತೋಳಿನೊಳಗಿಂದ. ಎಡಗೈದು. ಲೈನಿಂಗಲ್ಲಿ ಒಂದು ಗೇಣು ಬಿಟ್ಟಿರ್ತಾರೆ. ಎಲ್ಲ ಎಳೆದಾದ ಮೇಲೆ ಅದನ್ನ ಚಿವುಟಿ ಮೇಲಿಂದ ಹೊಡೆದುಬಿಡ್ತಾರೆ. ಯಾರು ನೋಡ್ತಾರೆ ಅಲ್ಲಿ?"

ಅಮ್ಮ ಅವಳ ಎಡತೋಳನ್ನು ಹಿಡಿದು ತನ್ನ ಕಡೆ ಎಳೆದುಕೊಂಡಳು. ಲೈನಿಂಗಿನ ಹೊಲಿಗೆಯುದ್ದಕ್ಕೂ ಹೆಬ್ಬೆರಳನ್ನು ಮೆಲ್ಲನೆ ಜಾರಿಸಿ, ಮೊಣಕೈಯ ಹತ್ತಿರ ನಿಲ್ಲಿಸಿ, ಅಲ್ಲಿಂದ ಒಂದು ಗೇಣು ಅಳೆದಳು.

"ಇಷ್ಟು ಸಂದೀಲಿ ಇಡೀ ಕೋಟು ಬರತ್ತಾ?"

"ಬರತ್ತಮ್ಮ. ನಾನೇ ನೋಡ್ದೆ."

ಅಮ್ಮ ಇನ್ನೊಮ್ಮೆ ಅಳೆದು ನೋಡಿದಳು. ಆಮೇಲೆ ತಲೆಯೆತ್ತಿ, ಮಗಳ ಮುಖ ನೋಡಿ, "ಕಳ್ಳಿ," ಎಂದಳು. ಎಷ್ಟೋ ದಿನದಿಂದ ಆ ಮನೆಯಲ್ಲಿ ಯಾರೂ ಆಡದ ಮಾತು. ಅದು ನೇರವಾಗಿ ಬಂದು ಎದೆಗೆ ತಗುಲಿತು, ನೋವಾಯಿತು, ಅವಳ ಕಣ್ಣು ತುಂಬಿಕೊಂಡಿತು. ಅಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ ಅಂಗೈಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ಬಾಯಿಗಿಟ್ಟುಕೊಂಡಳು.

"ತಿರುಗು."

ಅವಳು ತಿರುಗಿದಳು.